ಅಂಡಮಾನಿನಲ್ಲಿ ಗೆಳೆಯರೊಂದಿಗೆ ದೊಡ್ಡ ಮೀನಿನ ಬೇಟೆ: ಯಾವ ತಿಂಗಳು, ಎಂಥ ಬೋಟು, ಎಷ್ಟು ಸಿದ್ಧತೆ?

ಹೊಳೆದಂಡೆ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾವು ನಾಲ್ವರು ಕಾಲೇಜಿನ ದಿನಗಳಿಂದಲೂ ಒಟ್ಟಿಗೆ ಗಾಳ ಹಾಕುತ್ತಾ ಬಂದ ಗೆಳೆಯರು. ಕಾವೇರಿ ದಂಡೆಯ ಭೀಮೇಶ್ವರಿ, ಗಾಲಿಬೋರೆ ಶಿಬಿರಗಳಲ್ಲಿ ಮಶೀರ್ ಹಿಡಿದು ಮರಳಿ ನೀರಿಗೆ ಬಿಡಲು ಅವಕಾಶವಿದ್ದ ಕಾಲದಲ್ಲಿ ಈ ಹವ್ಯಾಸ ನಮಗೆ ಅಂಟಿಕೊಂಡಿತು. ಅಲ್ಲಿ ಅದು ನಿಂತುಹೋದ ಮೇಲೆ ಮಲ್ಪೆ, ಮುರುಡೇಶ್ವರದ ಕಡೆ ಬಂಡೆಗಳ ಮೇಲಿಂದ ಗಾಳ ಎಸೆಯುತ್ತೇವೆ. ಆಗೊಮ್ಮೆ ಈಗೊಮ್ಮೆ ಊರವರ ದೋಣಿಯಲ್ಲಿ ಹೋಗಿ ಅಂಜಲ್, ಬ್ಯಾರಕುಡಾ ಹಿಡಿಯುತ್ತೇವೆ. ಬರುವ ವರ್ಷ ಒಂದು ವಾರದ ರಜೆ ಹೊಂದಿಸಿಕೊಂಡು ಅಂಡಮಾನಿಗೆ ಹೋಗಿ ಜಯಂಟ್ ಟ್ರೆವಲ್ಲಿ, ಅಂದರೆ ಎಲ್ಲರೂ ಹೇಳುವ ಜಿಟಿ, ಡಾಗ್‌ಟೂತ್ ಟ್ಯೂನ, ಸಾಧ್ಯವಾದರೆ ಸೇಲ್‌ಫಿಶ್ ಮತ್ತು ಮಾರ್ಲಿನ್ ಹಿಡಿಯಬೇಕೆಂಬುದು ನಮ್ಮ ಬಹುಕಾಲದ ಆಸೆ.

ನಮ್ಮಲ್ಲಿ ಒಬ್ಬನಿಗೆ ಮಾರ್ಲಿನ್ ಬಿಟ್ಟರೆ ಬೇರೆ ಮೀನೇ ಬೇಡ. ಇನ್ನೊಬ್ಬನಿಗೆ ದೋಣಿ ಸ್ವಲ್ಪ ಓಲಾಡಿದರೂ ತಲೆಸುತ್ತು ಬರುತ್ತದೆ, ಆದರೆ ಅವನನ್ನು ಬಿಟ್ಟು ಹೋಗುವ ಮಾತೇ ಇಲ್ಲ. ಮೂರನೆಯವನು ಅಮೆರಿಕದಿಂದ ಬರುವವನಾದ್ದರಿಂದ ಅಲ್ಲಿಂದಲೇ ಸಲಕರಣೆಗಳನ್ನು ತರುತ್ತೇನೆ ಎನ್ನುತ್ತಾನೆ. ಯಾವ ತಿಂಗಳು ಒಳ್ಳೆಯದು, ನಾಲ್ವರಿಗೆ ಒಂದು ಬೋಟು ಸಾಕೇ, ಬ್ಯಾರನ್ ದ್ವೀಪದವರೆಗೆ ಹೋಗುವುದು ಯೋಗ್ಯವೇ, ರಾಡು-ರೀಲುಗಳನ್ನು ಕೊಳ್ಳಬೇಕೇ ಅಥವಾ ಅಲ್ಲಿಯೇ ಬಾಡಿಗೆಗೆ ಪಡೆಯಬಹುದೇ ಎಂಬುದನ್ನು ಅನುಭವಸ್ಥರು ದಯವಿಟ್ಟು ತಿಳಿಸಬೇಕು. ಹಿಡಿದ ಮೀನನ್ನು ತಿನ್ನುವ ಬಗ್ಗೆಯೂ ನಮ್ಮೊಳಗೆ ಒಮ್ಮತವಿಲ್ಲ.

ಪಡುಗಡಲು

ನಮಸ್ಕಾರ. ನಾನು ಮಂಗಳೂರಿನವನು, ಗೆಳೆಯರೊಂದಿಗೆ ಅಂಡಮಾನಿಗೆ ಹೋಗಿಬರುವ ಅಭ್ಯಾಸವಿದೆ. ಮೊದಲು ಮಾರ್ಲಿನ್ ವಿಷಯವನ್ನು ಇತ್ಯರ್ಥ ಮಾಡಿಕೊಳ್ಳಿ, ಏಕೆಂದರೆ ಉಳಿದ ತೀರ್ಮಾನಗಳೆಲ್ಲ ಅದರ ಮೇಲೆ ನಿಂತಿವೆ. ಅಂಡಮಾನಿನ ಆಳ ನೀರಿನಲ್ಲಿ ಕಪ್ಪು ಮಾರ್ಲಿನ್ ಇದೆ ಎಂಬುದು ನಿಜ. ಆದರೆ ಅದನ್ನು ಹುಡುಕುವುದೆಂದರೆ ದೊಡ್ಡ ಲೂರ್‌ಗಳನ್ನು, ಅಂದರೆ ಕೃತಕ ಆಮಿಷಗಳನ್ನು, ಬೋಟಿನ ಹಿಂದೆ ಕಟ್ಟಿಕೊಂಡು ದಿನಗಟ್ಟಲೆ ಸುತ್ತಾಡುವ ಟ್ರೋಲಿಂಗ್ ಕೆಲಸ. ಆ ಹೊತ್ತಿನಲ್ಲಿ ಉಳಿದ ಮೂವರು ಕೈಕಟ್ಟಿ ಕೂರಬೇಕಾಗುತ್ತದೆ. ಮಾರ್ಲಿನ್ ಒಂದೇ ಗುರಿಯಾದವರು ಸೆಪ್ಟೆಂಬರಿನಿಂದ ಡಿಸೆಂಬರಿನ ನಡುವೆ ಆಸ್ಟ್ರೇಲಿಯಾದ ಕೇರ್ನ್ಸ್‌ಗೆ, ಇಲ್ಲವೇ ಹವಾಯಿಯ ಕೋನಾಕ್ಕೆ, ಹತ್ತಿರದಲ್ಲೇ ಆಗಬೇಕೆಂದರೆ ಮಾರಿಷಸ್‌ಗೆ ಹೋಗುತ್ತಾರೆ. 1953ರಲ್ಲಿ ಪೆರು ದೇಶದ ಕಾಬೊ ಬ್ಲಾಂಕೊ ಎದುರಿನ ಕಡಲಿನಲ್ಲಿ ಆಲ್ಫ್ರೆಡ್ ಗ್ಲಾಸೆಲ್ ಹಿಡಿದ 1,560 ಪೌಂಡ್ ತೂಕದ, ಅಂದರೆ 707 ಕಿಲೋ ಮೀರಿದ ಕಪ್ಪು ಮಾರ್ಲಿನ್‌ನ ದಾಖಲೆಯನ್ನು ಇಂದಿಗೂ ಯಾರೂ ಮುರಿದಿಲ್ಲ. ಆ ಮೀನಿನ ಕನಸು ಕಾಣುವವರ ಮನಸ್ಸು ನನಗೆ ಚೆನ್ನಾಗಿ ಅರ್ಥವಾಗುತ್ತದೆ. ಆದರೂ ಅಂಡಮಾನಿಗೆ ಹೋಗುವುದಾದರೆ ಜಿಟಿಗಾಗಿ ಹೋಗಿ, ಡಾಗ್‌ಟೂತ್‌ಗಾಗಿ ಹೋಗಿ. ನೀರಿನಡಿಯ ಒಂದು ಹವಳದ ದಿಬ್ಬದಿಂದ ಇನ್ನೊಂದಕ್ಕೆ ಸಾಗುವ ದಾರಿಯಲ್ಲಿ ಎರಡು ಲೂರ್ ಕಟ್ಟಿ ಎಳೆದುಕೊಂಡು ಹೋಗಿರಿ. ಸೇಲ್‌ಫಿಶ್ ಬಂದರೆ ಅದು ಪುಣ್ಯ, ಮಾರ್ಲಿನ್ ಬಂದರೆ ಪೂರ್ವಜನ್ಮದ ಪುಣ್ಯ.

ಕಾಲದ ಬಗ್ಗೆ ಹೇಳುವುದಾದರೆ, ಮೇ ತಿಂಗಳಿನಿಂದ ಸೆಪ್ಟೆಂಬರಿನವರೆಗೆ ನೈಋತ್ಯ ಮಾರುತದ ಕಡಲು ಬೋಟನ್ನು ದೂರ ಹೋಗಗೊಡುವುದಿಲ್ಲ. ನವೆಂಬರಿನಿಂದ ಬೋಟುಗಳು ಹೊರಡುತ್ತವೆಯಾದರೂ ಬಂಗಾಳ ಕೊಲ್ಲಿಯ ಚಂಡಮಾರುತಗಳು ಮತ್ತು ಈಶಾನ್ಯದ ಗಾಳಿ ಆಗಲೂ ಕಾಡುವುದುಂಟು. ತಲೆಸುತ್ತು ಬರುವ ಗೆಳೆಯನಿರುವ ಗುಂಪಿಗೆ ಫೆಬ್ರವರಿ ಕೊನೆಯಿಂದ ಏಪ್ರಿಲ್ ಮೊದಲ ವಾರದವರೆಗಿನ ಕಾಲವೇ ಸರಿ. ಆಗ ಕಡಲು ಬಹುಮಟ್ಟಿಗೆ ಶಾಂತವಾಗಿರುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದ್ದರೆ, ಅಂಡಮಾನ್ ಸೇರಿದಂತೆ ಪೂರ್ವ ಭಾಗಕ್ಕೆ ಏಪ್ರಿಲ್ 15ರಿಂದ ಜೂನ್ 14ರವರೆಗೆ ಅದು ಅನ್ವಯಿಸುತ್ತದೆ. ಆ ದಿನಗಳಿಗೆ ತಗಲುವಂತೆ ಹೋಗುವ ಯೋಚನೆಯಿದ್ದರೆ ತಮ್ಮ ಪರವಾನಗಿ ಏನು ಹೇಳುತ್ತದೆಂದು ಬೋಟಿನವರಿಂದ ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ನಾಲ್ವರಿಗೆ ಒಂದೇ ಬೋಟು ಸಾಕು, ಆದರೆ ಒಂದು ಒಪ್ಪಂದದೊಂದಿಗೆ. ಬೋಟಿನ ಮೂತಿಯ ಮೇಲೆ ನಿಂತು ಪಾಪರ್, ಅಂದರೆ ನೀರಿನ ಮೇಲೆ ಸದ್ದು ಮಾಡುತ್ತಾ ಬರುವ ಲೂರ್, ಎಸೆಯಲು ಇಬ್ಬರಿಗೆ ಮಾತ್ರ ಜಾಗವಿರುತ್ತದೆ. ಮೂರನೆಯವನು ಅಲ್ಲಿಗೆ ಹತ್ತಿದರೆ ಗಾಳ ಮೀನಿನ ಬಾಯಿಗೆ ಸಿಗುವ ಮೊದಲು ಯಾರದಾದರೂ ಕಿವಿಗೆ ಸಿಗುತ್ತದೆ. ಆದ್ದರಿಂದ ಇಬ್ಬರು ಎಸೆಯುವಾಗ ಉಳಿದಿಬ್ಬರು ವಿಶ್ರಾಂತಿ ಪಡೆಯಬೇಕು, ಇಂತಿಷ್ಟು ಹೊತ್ತಿಗೊಮ್ಮೆ ಸರದಿ ಬದಲಾಗಬೇಕು, ಯಾರ ಸರದಿಯಲ್ಲಿ ಮೀನು ಕಚ್ಚಿತೋ ಅದು ಅವರದೇ ಆಗಬೇಕು. ಇದನ್ನು ಬೆಂಗಳೂರಿನಲ್ಲಿಯೇ ಮಾತಾಡಿ ಮುಗಿಸಿ. ಕಡಲಿನ ಮೇಲೆ, ನೀರು ಕುದಿಯುವಂತೆ ಮೀನು ಎದ್ದಾಗ, ಇಂಥ ಮಾತಿಗೆ ಯಾರೂ ಕಿವಿಗೊಡುವುದಿಲ್ಲ. ಹಳೆಯ ಗೆಳೆತನಗಳು ಮುನಿಸಿನಲ್ಲಿ ದಡಕ್ಕೆ ಬಂದದ್ದನ್ನು ನಾನು ನೋಡಿದ್ದೇನೆ.

ಇನ್ನು ಬ್ಯಾರನ್ ದ್ವೀಪ. ಈಗ ಶ್ರೀ ವಿಜಯಪುರಂ ಎಂದು ಹೆಸರಾಗಿರುವ ಪೋರ್ಟ್ ಬ್ಲೇರಿನಿಂದ ಅದು ಈಶಾನ್ಯಕ್ಕೆ ಸುಮಾರು 135 ಕಿ.ಮೀ. ದೂರದಲ್ಲಿದೆ. ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿಯಾದ ಆ ಬೆಟ್ಟ ಕಡಲ ತಳದಿಂದ ನೇರವಾಗಿ ಮೇಲೆದ್ದಿರುವುದರಿಂದ, ದಡದಿಂದ ಕೂಗಳತೆಯಲ್ಲೇ ನೂರಾರು ಮೀಟರ್ ಆಳ ಸಿಗುತ್ತದೆ. ಡಾಗ್‌ಟೂತ್ ಮತ್ತು ಯೆಲ್ಲೋಫಿನ್ ಟ್ಯೂನಗಳು ಅಲ್ಲಿ ಸುಳಿದಾಡುವುದು ಆ ಕಾರಣಕ್ಕೇ. ಒಳ್ಳೆಯ ಬೋಟಿಗೂ ಒಂದು ಕಡೆಯ ಪ್ರಯಾಣಕ್ಕೆ ನಾಲ್ಕು ತಾಸು ಬೇಕು. ಬೆಳಿಗ್ಗೆ ಹೋಗಿ ಸಂಜೆ ಮರಳುವ ಲೆಕ್ಕಾಚಾರ ಬೇಡ, ಏಕೆಂದರೆ ಅಂಡಮಾನಿನಲ್ಲಿ ನಮ್ಮದೇ ಗಡಿಯಾರ ನಡೆದರೂ ಸೂರ್ಯ ಸಂಜೆ ಐದು, ಐದೂವರೆಗೆಲ್ಲ ಮುಳುಗಿಬಿಡುತ್ತಾನೆ. ಮಲಗುವ ವ್ಯವಸ್ಥೆಯಿರುವ ಬೋಟಿನಲ್ಲಿ ರಾತ್ರಿ ಅಲ್ಲೇ ಕಳೆಯುವುದಾದರೆ ಮಾತ್ರ ಹೋಗಿ. ದ್ವೀಪಕ್ಕೆ ಇಳಿಯಲು ಯಾರಿಗೂ ಅನುಮತಿಯಿಲ್ಲ.

ಕೊನೆಯದಾಗಿ, ತಲೆಸುತ್ತಿನ ಗೆಳೆಯ ವೈದ್ಯರನ್ನು ಕೇಳಿ ಮಾತ್ರೆಯನ್ನು ಹಿಂದಿನ ರಾತ್ರಿಯೇ ಆರಂಭಿಸಲಿ. ವಾಂತಿ ಶುರುವಾದ ಮೇಲೆ ನುಂಗಿದ ಮಾತ್ರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಮೊದಲ ದಿನ ಸ್ವರಾಜ್ ದ್ವೀಪದ, ಅಂದರೆ ಹಿಂದಿನ ಹ್ಯಾವ್‌ಲಾಕ್‌ನ, ಮರೆಯ ನೀರಿನಲ್ಲೇ ಇದ್ದು ಅವನು ಹೇಗಿದ್ದಾನೆಂದು ನೋಡಿಕೊಂಡು ಮುಂದಿನದನ್ನು ನಿರ್ಧರಿಸಿ.

ಗಂಟುಗಾರ

ಮೇಲಿನವರು ಸಲಕರಣೆಯ ಬಗ್ಗೆ ಬರೆದಿಲ್ಲವಾದ್ದರಿಂದ ಆ ಭಾಗವನ್ನು ನಾನು ತುಂಬುತ್ತೇನೆ. ರಾಡು-ರೀಲುಗಳನ್ನು ಬಾಡಿಗೆಗೆ ಪಡೆಯುವುದರಲ್ಲಿ ತಪ್ಪೇನಿಲ್ಲ. ಜಿಟಿಗೆ ಬೇಕಾದ 14000ದಿಂದ 20000 ಅಳತೆಯ ರೀಲುಗಳ ಬೆಲೆ ನೋಡಿದರೆ ಒಂದೇ ಪ್ರವಾಸಕ್ಕಾಗಿ ಅವನ್ನು ಕೊಳ್ಳುವುದು ಹೊರೆ. ಆದರೆ ಎಳೆಗಳನ್ನು ಹೆಣೆದು ಮಾಡಿದ ಬ್ರೇಡ್ ದಾರ, ಅದಕ್ಕೂ ಗಾಳಕ್ಕೂ ನಡುವೆ ಕಟ್ಟುವ ದಪ್ಪ ದಾರವಾದ ಲೀಡರ್, ಪಾಪರ್, ಗಾಳ, ರಿಂಗುಗಳು ಇವಿಷ್ಟನ್ನು ನಿಮ್ಮವೇ ಒಯ್ಯಿರಿ, ಗಂಟುಗಳನ್ನು ನಿಮ್ಮ ಕೈಯಿಂದಲೇ ಹಾಕಿ. ಬಾಡಿಗೆ ರೀಲಿನಲ್ಲಿರುವ ದಾರ ಎಷ್ಟು ಬಂಡೆಗಳಿಗೆ ಉಜ್ಜಿದೆಯೆಂದು ಬೋಟಿನವರಿಗೂ ಗೊತ್ತಿರುವುದಿಲ್ಲ.

ಜಿಟಿಗೆ ಪಿಇ 8 ದಪ್ಪದ ಬ್ರೇಡ್, ಅದರ ತುದಿಗೆ 130ರಿಂದ 200 ಪೌಂಡಿನ ನೈಲಾನ್ ಲೀಡರ್ ಸಾಮಾನ್ಯ. ಎರಡನ್ನೂ ಜೋಡಿಸುವ ಎಫ್‌ಜಿ ಗಂಟನ್ನು ಮನೆಯಲ್ಲಿ ಕಣ್ಣುಮುಚ್ಚಿ ಹಾಕುವಷ್ಟು ಅಭ್ಯಾಸ ಮಾಡಿ. ಲೀಡರನ್ನು ಬಿಗಿಯಾಗಿ ಹಿಡಿದು ಬ್ರೇಡನ್ನು ಒಮ್ಮೆ ಮೇಲಿನಿಂದ, ಒಮ್ಮೆ ಕೆಳಗಿನಿಂದ ಸುತ್ತುತ್ತಾ ಇಪ್ಪತ್ತರಷ್ಟು ಸುತ್ತುಗಳಾದ ಮೇಲೆ ಒದ್ದೆ ಮಾಡಿ, ಕೈಗವಸು ಹಾಕಿಕೊಂಡು ಎರಡೂ ಕಡೆ ಜಗ್ಗಬೇಕು. ಬ್ರೇಡಿನ ಎಳೆಗಳು ಲೀಡರಿನ ಮೈಯೊಳಗೆ ಕಚ್ಚಿ ಕೂತಾಗ ಅದರ ಬಣ್ಣ ಒಮ್ಮೆಲೇ ಗಾಢವಾಗುತ್ತದೆ. ಬಣ್ಣ ಬದಲಾಗದಿದ್ದರೆ ಆ ಗಂಟು ಜಾರುತ್ತದೆಂದೇ ತಿಳಿದು ಕತ್ತರಿಸಿ ಮತ್ತೆ ಹಾಕಿ. ಸುತ್ತುಗಳ ನಡುವೆ ಸಡಿಲ ಬಿಟ್ಟ ಗಂಟು ಜಿಟಿಯ ಮೊದಲ ಓಟಕ್ಕೇ ಬಿಚ್ಚಿಕೊಳ್ಳುತ್ತದೆ.

ಮೊದಲ ಓಟವೇ ಎಲ್ಲವೂ. ಅಂಡಮಾನಿನಲ್ಲಿ 20-30 ಕಿಲೋದ ಜಿಟಿ ಅಪರೂಪವಲ್ಲ. ಪಾಪರನ್ನು ನುಂಗಿದ ಕ್ಷಣವೇ ಅದು ತಲೆ ತಗ್ಗಿಸಿ ಹವಳದ ಬಂಡೆಗಳತ್ತ ನುಗ್ಗುತ್ತದೆ. ಅದರ ಉಪಾಯ ಒಂದೇ, ದಾರವನ್ನು ಬಂಡೆಗೆ ಉಜ್ಜಿ ಕತ್ತರಿಸುವುದು. ಆದ್ದರಿಂದ ಡ್ರ್ಯಾಗ್ ಎಂಬ ರೀಲಿನ ತಡೆಯನ್ನು ಹನ್ನೆರಡು, ಹದಿಮೂರು ಕಿಲೋದಷ್ಟು ಬಿಗಿ ಮಾಡಿಟ್ಟಿರಬೇಕಾಗುತ್ತದೆ. ಇದನ್ನು ಅಂದಾಜಿನಲ್ಲಿ ಮಾಡಬೇಡಿ. ಲಗೇಜು ತೂಗುವ ಕೊಕ್ಕೆ ತಕ್ಕಡಿಗೆ ದಾರ ಕಟ್ಟಿ, ರಾಡನ್ನು ಬಗ್ಗಿಸಿ, ರೀಲು ದಾರ ಬಿಡುವಾಗ ಮುಳ್ಳು ಎಲ್ಲಿ ನಿಲ್ಲುತ್ತದೆಂದು ಓದಿ. ಅದೇ ತೂಕವನ್ನು ನಿಂತು ತಡೆಯುವ ಅಭ್ಯಾಸವನ್ನು ಮನೆಯ ತಾರಸಿಯ ಮೇಲೆ ಕೆಲವು ವಾರ ಮಾಡಿದರೆ ಸೊಂಟ ಉಳಿಯುತ್ತದೆ. ಮೀನು ಕಚ್ಚಿದಾಗ ನೀರು ಚಿಮ್ಮಿದ್ದನ್ನು ಕಂಡು ರಾಡು ಎಳೆಯಬಾರದು. ಭಾರ ಕೈಗೆ ಬಂದ ಮೇಲೆಯೇ ಬಿಗಿಯಬೇಕು, ರಾಡನ್ನು ತಲೆಯ ಮೇಲಕ್ಕೆ ಎತ್ತದೆ ತಗ್ಗಿನಲ್ಲೇ ಇರಿಸಿಕೊಳ್ಳಬೇಕು, ಮಂಡಿಗಳನ್ನು ಬೋಟಿನ ಅಂಚಿಗೆ ಒತ್ತಿ ನಿಲ್ಲಬೇಕು. ಹಿಂದೆ ನಿಂತ ಗೆಳೆಯ ಸೊಂಟದ ಬೆಲ್ಟನ್ನು ಎರಡೂ ಕೈಯಿಂದ ಹಿಡಿದುಕೊಳ್ಳಲಿ, ಆದರೆ ರಾಡನ್ನು ಮುಟ್ಟದಿರಲಿ. ಅಂತರರಾಷ್ಟ್ರೀಯ ಕ್ರೀಡಾ ಮೀನುಗಾರಿಕಾ ಸಂಘವಾದ ಐಜಿಎಫ್‌ಎ ನಿಯಮದಂತೆ ಬೇರೆಯವರ ಕೈ ರಾಡಿಗೆ ಸೋಕಿದರೆ ಆ ಮೀನು ದಾಖಲೆಗೆ ಸಲ್ಲುವುದಿಲ್ಲ. ಅಷ್ಟರಲ್ಲಿ ಬೋಟನ್ನು ಆಳದ ಕಡೆಗೆ ಹಿಂದೆ ಸರಿಸುವ ಚಾಲಕನ ಜಾಣ್ಮೆಯೂ ಬೇಕು. ಜಿಟಿ ಹಿಡಿಯುವುದರಲ್ಲಿ ಅರ್ಧ ಪಾಲು ಅವನದು ಎಂದು ನಾನು ನಂಬುತ್ತೇನೆ.

ಅಮೆರಿಕದಿಂದ ಬರುವ ಗೆಳೆಯನಿಗೆ ತಪ್ಪದೆ ತಿಳಿಸಬೇಕಾದ ಒಂದು ವಿಷಯವಿದೆ. ಅಲ್ಲಿನವರು ಕಡಲಿಗೆ ಹೋಗುವಾಗ ಒಯ್ಯುವ ಗಾರ್ಮಿನ್ ಇನ್‌ರೀಚ್‌ನಂಥ ಉಪಗ್ರಹ ಸಂಪರ್ಕ ಸಾಧನಗಳನ್ನೂ ಸ್ಯಾಟಲೈಟ್ ಫೋನುಗಳನ್ನೂ ದೂರಸಂಪರ್ಕ ಇಲಾಖೆಯ ಅನುಮತಿಯಿಲ್ಲದೆ ಭಾರತಕ್ಕೆ ತರುವಂತಿಲ್ಲ. ವಿಮಾನ ನಿಲ್ದಾಣಗಳಲ್ಲಿ ವಿದೇಶಿಯರು ಈ ಕಾರಣಕ್ಕೆ ಬಂಧನಕ್ಕೊಳಗಾದ ಪ್ರಕರಣಗಳಿವೆ. ಗಾಳ, ಇಕ್ಕಳ, ಚಾಕುಗಳು ಚೆಕ್-ಇನ್ ಬ್ಯಾಗಿನಲ್ಲಿರಲಿ. ರಾಡುಗಳನ್ನು ಪಿವಿಸಿ ಪೈಪಿನೊಳಗೆ ಹಾಕಿ ಎರಡೂ ತುದಿ ಮುಚ್ಚಿ, ಉದ್ದಕ್ಕೆ ಮಿತಿಯಿದೆಯೇ ಎಂದು ಟಿಕೆಟ್ ಮಾಡುವಾಗಲೇ ವಿಮಾನ ಸಂಸ್ಥೆಯನ್ನು ಕೇಳಿಕೊಳ್ಳಿ.

ಹವಳದಿಬ್ಬ

ನಾನು ಮೀನುಗಾರಿಕೆಯ ವಿಷಯವನ್ನು ಓದಿದವಳು. ಕಡಲ ಜೀವಿಗಳ ಬಗ್ಗೆ ಕಾಳಜಿಯಿರುವವಳು. ಮೇಲಿನ ಉತ್ತರಗಳು ಮೀನು ಬೋಟಿನ ಬಳಿಗೆ ಬರುವಲ್ಲಿಗೆ ನಿಂತಿವೆ. ಅಲ್ಲಿಂದ ಮುಂದಿನ ಎರಡು ನಿಮಿಷಗಳ ಬಗ್ಗೆಯೂ ನೀವು ಅಷ್ಟೇ ಶ್ರದ್ಧೆಯಿಂದ ತಯಾರಾಗಬೇಕೆಂದು ನನ್ನ ವಿನಂತಿ.

ಮಶೀರ್ ಬಿಟ್ಟು ಅಭ್ಯಾಸವಿರುವ ನಿಮಗೆ ತತ್ವವನ್ನು ಹೇಳಬೇಕಾಗಿಲ್ಲ, ಆದರೆ ಕಡಲಿನ ದೊಡ್ಡ ಮೀನಿನ ಮೈಭಾರ ಬೇರೆಯದು. ನೀರಿನಲ್ಲಿ ತೇಲುವಾಗ ಅದರ ಒಳಾಂಗಗಳಿಗೆ ಸಿಗುವ ಆಸರೆ ಗಾಳಿಯಲ್ಲಿ ಸಿಗುವುದಿಲ್ಲ. ಆದ್ದರಿಂದ ಜಿಟಿಯನ್ನು ದವಡೆಯಿಂದಲೋ ಬಾಲದಿಂದಲೋ ತೂಗುಹಾಕಿ ಫೋಟೋ ತೆಗೆಯಬೇಡಿ. ಒಂದು ಕೈ ಬಾಲದ ಬುಡದಲ್ಲಿ, ಇನ್ನೊಂದು ತೋಳು ಹೊಟ್ಟೆಯ ಕೆಳಗೆ ಇಟ್ಟು ಅಡ್ಡವಾಗಿ ಹಿಡಿಯಿರಿ. ಡೆಕ್ಕಿನ ಮೇಲೆ ಮಲಗಿಸುವುದಾದರೆ ಕೆಳಗೆ ಒದ್ದೆ ಚಾಪೆ ಹಾಸಿರಲಿ, ಬಿಸಿಲಿಗೆ ಕಾದ ಫೈಬರ್ ಅದರ ಮೈಲೋಳೆಯನ್ನು ಸುಲಿದುಹಾಕುತ್ತದೆ. ಕ್ಯಾಮೆರಾ ಸಿದ್ಧವಾದ ಮೇಲೆಯೇ ಮೀನನ್ನು ನೀರಿನಿಂದ ಎತ್ತಿ. ನೀವು ಉಸಿರು ಬಿಗಿಹಿಡಿದು ನಿಲ್ಲಬಲ್ಲಷ್ಟು ಹೊತ್ತು ಮಾತ್ರ ಅದು ಹೊರಗಿರಲಿ. ಪಾಪರಿನ ಮೂರು ಮೊನೆಯ ಗಾಳಗಳನ್ನು ತೆಗೆದು ಒಂಟಿ ಗಾಳ ಹಾಕಿ, ಅದರ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಿದರೆ ಬಿಡಿಸುವ ಕೆಲಸ ಕ್ಷಣದ್ದು. ಇದು ನಿಮ್ಮ ಬೆರಳುಗಳಿಗೂ ಒಳ್ಳೆಯದು. ಗಾಳದ ಕಾಲನ್ನು ಕತ್ತರಿಸಬಲ್ಲ ದೊಡ್ಡ ಕಟ್ಟರ್ ಬೋಟಿನಲ್ಲಿದೆಯೇ ಎಂದು ಹೊರಡುವ ಮುನ್ನ ಕಣ್ಣಾರೆ ನೋಡಿ.

ಸೇಲ್‌ಫಿಶ್ ಸಿಕ್ಕರೆ ಬೋಟಿನೊಳಗೆ ಎಳೆದುಕೊಳ್ಳಲೇಬೇಡಿ. ಕೈಗವಸು ಹಾಕಿ ಅದರ ಕೊಕ್ಕನ್ನು ಹಿಡಿದು, ಬೋಟು ನಿಧಾನವಾಗಿ ಮುಂದೆ ಸಾಗುವಾಗ ಕಿವಿರಿನ ಮೂಲಕ ನೀರು ಹರಿಯಗೊಟ್ಟರೆ ಅದರ ಬಣ್ಣ ಮರಳುತ್ತದೆ, ಬಾಲ ಬೀಸತೊಡಗುತ್ತದೆ, ಆಗ ಬಿಡಿ. ಜಿಗ್ ಎಂಬ ಭಾರದ ಲೋಹದ ಲೂರ್ ಇಳಿಸಿ ಅರವತ್ತು, ಎಂಬತ್ತು ಮೀಟರ್ ಆಳದಿಂದ ಮುರು ಮೀನನ್ನು ಮೇಲೆತ್ತಿದರೆ ಅದರ ಗಾಳಿಚೀಲ ಉಬ್ಬಿ ಹೊಟ್ಟೆ ಬಾಯಿಗೆ ಬರುತ್ತದೆ. ಅದನ್ನು ಮೇಲಿನಿಂದ ಸುಮ್ಮನೆ ಬಿಟ್ಟರೆ ತೇಲುತ್ತಾ ಸಾಯುತ್ತದೆ. ತೂಕ ಕಟ್ಟಿ ಆಳಕ್ಕೆ ಇಳಿಸಿ ಬಿಡುವ ಸಾಧನವೊಂದು ಜೊತೆಗಿರಲಿ. ಶಾರ್ಕ್‌ಗಳು ಹಿಂಬಾಲಿಸತೊಡಗಿದ ಜಾಗದಲ್ಲಿ ಡಾಗ್‌ಟೂತ್‌ಗಾಗಿ ಜಿಗ್ ಇಳಿಸುವುದನ್ನು ನಿಲ್ಲಿಸಿ ಬೇರೆಡೆಗೆ ಹೋಗಿ. ಸೋತುಬಂದ ಮೀನನ್ನು ಅವುಗಳ ಬಾಯಿಗೆ ಕೊಡುವುದರಲ್ಲಿ ಯಾವ ಕ್ರೀಡೆಯೂ ಇಲ್ಲ.

ತಿನ್ನುವ ವಿಷಯದಲ್ಲಿ ನನ್ನ ನಿಲುವು ಸ್ಪಷ್ಟ. ಹವಳದ ದಿಬ್ಬಗಳ ದೊಡ್ಡ ಬೇಟೆಗಾರ ಮೀನುಗಳಲ್ಲಿ, ಅಂದರೆ ದೊಡ್ಡ ಜಿಟಿ, ಮುರು, ಬ್ಯಾರಕುಡಾ, ಕೆಂಪು ಸ್ನ್ಯಾಪರ್‌ಗಳಲ್ಲಿ, ಸಿಗ್ವಟೆರಾ ಎಂಬ ವಿಷ ಸೇರಿಕೊಂಡಿರುವ ಸಾಧ್ಯತೆಯಿದೆ. ಹವಳದ ಮೇಲಿನ ಪಾಚಿಗಳಿಗೆ ಅಂಟಿಕೊಂಡು ಬದುಕುವ ಸೂಕ್ಷ್ಮಜೀವಿಯೊಂದರಲ್ಲಿ ಹುಟ್ಟುವ ಈ ವಿಷ ಸಣ್ಣ ಮೀನಿನಿಂದ ದೊಡ್ಡದಕ್ಕೆ ಏರುತ್ತಾ ಸಾಂದ್ರವಾಗುತ್ತದೆ. ಬೇಯಿಸಿದರೂ ಹುರಿದರೂ ಹಿಮದಲ್ಲಿಟ್ಟರೂ ನಾಶವಾಗುವುದಿಲ್ಲ. ಆದ್ದರಿಂದ ದೊಡ್ಡದನ್ನೆಲ್ಲ ಬಿಟ್ಟುಬಿಡಿ, ಊಟಕ್ಕೆ ತೆರೆದ ಕಡಲಿನ ಒಂದು ಸಣ್ಣ ಟ್ಯೂನವೋ ಮಾಹಿಮಾಹಿಯೋ ಸಾಕು. ಅದನ್ನೂ ಹಿಡಿದ ಕೂಡಲೇ ರಕ್ತ ಹರಿಸಿ ಮಂಜುಗಡ್ಡೆಯಲ್ಲಿ ಹೂಳಿ; ಬಿಸಿಲಿಗೆ ಬಿದ್ದ ಟ್ಯೂನದಲ್ಲಿ ಹಿಸ್ಟಮಿನ್ ಬೆಳೆಯುತ್ತದೆ, ಅದೂ ಬೇಯಿಸಿದರೆ ಹೋಗುವಂಥದ್ದಲ್ಲ.

ಹೋಗಬಾರದ ನೀರುಗಳನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ. ವಂಡೂರಿನ ಬಳಿ 1983ರಲ್ಲಿ ಘೋಷಿತವಾದ ಮಹಾತ್ಮ ಗಾಂಧಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲೂ, ಸ್ವರಾಜ್ ದ್ವೀಪಕ್ಕೆ ಹತ್ತಿರವಿರುವ ರಾಣಿ ಝಾನ್ಸಿ ಸಾಗರ ರಾಷ್ಟ್ರೀಯ ಉದ್ಯಾನದಲ್ಲೂ ಮೀನು ಹಿಡಿಯುವಂತಿಲ್ಲ. ಉತ್ತರ ಸೆಂಟಿನೆಲ್ ದ್ವೀಪದ ಐದು ನಾಟಿಕಲ್ ಮೈಲಿಯೊಳಗೆ ಯಾವ ಬೋಟೂ ಸುಳಿಯಬಾರದು; ಅಲ್ಲಿನ ಜನರ ರಕ್ಷಣೆಗಾಗಿ ಇರುವ ಕಾನೂನು 1956ರದು. ಇನ್ನು ತಿಮಿಂಗಿಲ ಶಾರ್ಕ್ 2001ರಿಂದ ವನ್ಯಜೀವಿ ಸಂರಕ್ಷಣಾ ಕಾಯಿದೆಯ ರಕ್ಷಣೆಯಲ್ಲಿದೆ. ಅದರ ಸುತ್ತ ಟ್ಯೂನಗಳು ಮುತ್ತಿಕೊಂಡಿರುವುದು ಕಂಡರೂ ಆ ಗುಂಪಿನೊಳಗೆ ಗಾಳ ಎಸೆಯಬೇಡಿ.

ಹೊಳೆದಂಡೆ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಾಲ್ವರೂ ಕೂತು ಇದನ್ನೆಲ್ಲ ಓದಿದೆವು. ಮಾರ್ಲಿನ್ ಗೆಳೆಯನೂ ಒಪ್ಪಿದ್ದಾನೆ, ಸಾಗುವ ದಾರಿಯ ಲೂರ್‌ಗಳನ್ನು ಪೂರ್ತಿಯಾಗಿ ಅವನ ಸುಪರ್ದಿಗೆ ಬಿಟ್ಟಿದ್ದೇವೆ. ಸರದಿಯ ಒಪ್ಪಂದವೂ ಆಯಿತು, ಊಟಕ್ಕೆ ದಿನಕ್ಕೊಂದೇ ಮೀನು ಎಂಬುದೂ ನಿಶ್ಚಯವಾಯಿತು. ಮಾರ್ಚ್ ತಿಂಗಳನ್ನು ಆರಿಸಿಕೊಂಡಿದ್ದೇವೆ. ಉಳಿದಿರುವುದು ಎರಡು ಸಂದೇಹಗಳು. ವಾರದ ಯಾವ ಭಾಗದಲ್ಲಿ ಬ್ಯಾರನ್ ದ್ವೀಪಕ್ಕೆ ಹೋಗಬೇಕು? ಅಮಾವಾಸ್ಯೆ, ಹುಣ್ಣಿಮೆಗಳ ಲೆಕ್ಕವನ್ನು ಇದರಲ್ಲಿ ನೋಡಬೇಕೇ?

ಪಡುಗಡಲು

ಖಂಡಿತ ನೋಡಬೇಕು, ಎರಡೂ ಪ್ರಶ್ನೆಗಳಿಗೆ ಉತ್ತರ ಅದರಲ್ಲೇ ಇದೆ. ಅಮಾವಾಸ್ಯೆ ಮತ್ತು ಹುಣ್ಣಿಮೆಯ ಆಸುಪಾಸಿನಲ್ಲಿ ಉಬ್ಬರ-ಇಳಿತದ ಅಂತರ ಹೆಚ್ಚಿರುವುದರಿಂದ ದ್ವೀಪಗಳ ಮೂಲೆಗಳಲ್ಲೂ ದಿಬ್ಬಗಳ ಅಂಚಿನಲ್ಲೂ ಸೆಳೆತ ಬಲವಾಗಿರುತ್ತದೆ. ಸಣ್ಣ ಮೀನುಗಳು ಆ ಸೆಳೆತಕ್ಕೆ ಸಿಕ್ಕಿ ದಿಕ್ಕೆಡುವ ಜಾಗದಲ್ಲಿಯೇ ಜಿಟಿ ಹೊಂಚುಹಾಕುತ್ತದೆ. ಪಾಪರಿಗೆ ಅವೇ ಒಳ್ಳೆಯ ದಿನಗಳು. ಆದರೆ ಆ ಸೆಳೆತದಲ್ಲಿ ಆಳಕ್ಕೆ ಇಳಿಬಿಟ್ಟ ಜಿಗ್ ನೆಟ್ಟಗೆ ಇಳಿಯದೆ ಬೋಟಿನಿಂದ ದೂರ ಓಡುತ್ತದೆ, ತಳ ಮುಟ್ಟಿತೇ ಇಲ್ಲವೇ ಎಂಬುದೇ ಕೈಗೆ ತಿಳಿಯುವುದಿಲ್ಲ. ಆದ್ದರಿಂದ ಅಮಾವಾಸ್ಯೆ ಅಥವಾ ಹುಣ್ಣಿಮೆಯ ಮರುದಿನದ ಹೊತ್ತಿಗೆ ಅಂಡಮಾನಿಗೆ ತಲಪುವಂತೆ ಟಿಕೆಟ್ ಮಾಡಿ. ಮೊದಲ ದಿನಗಳನ್ನು ಹತ್ತಿರದ ದಿಬ್ಬಗಳ ಮೇಲೆ ಜಿಟಿಗಾಗಿ ಕಳೆಯಿರಿ. ಪಂಚಮಿ, ಷಷ್ಠಿಯ ಹೊತ್ತಿಗೆ ಸೆಳೆತ ತಗ್ಗುತ್ತಾ ಬಂದಾಗ ಡಾಗ್‌ಟೂತ್‌ಗಾಗಿ ಬ್ಯಾರನ್ ಕಡೆಗೆ ಹೊರಡಿ. ಅಷ್ಟರೊಳಗೆ ತಲೆಸುತ್ತಿನ ಗೆಳೆಯನಿಗೂ ಕಡಲು ರೂಢಿಯಾಗಿರುತ್ತದೆ. ಆಗಿಲ್ಲವಾದರೆ ಬ್ಯಾರನ್ ಕೈಬಿಟ್ಟು ಹತ್ತಿರದಲ್ಲೇ ಉಳಿಯಿರಿ.

ಬ್ಯಾರನ್‌ನಿಂದ ಮರಳಿದ ಮೇಲೆ ವಿಮಾನಕ್ಕೆ ಮೊದಲು ಒಂದು ದಿನ ಖಾಲಿ ಉಳಿದಿರಲೇಬೇಕು. ಗಾಳಿ ಎದ್ದು ಬೋಟು ಮರೆಯಲ್ಲಿ ನಿಲ್ಲಬೇಕಾಗಿ ಬಂದರೆ ಚಾಲಕನ ಮೇಲೆ ವಿಮಾನದ ಹೊತ್ತಿನ ಒತ್ತಡ ಹೇರುವ ಪರಿಸ್ಥಿತಿ ಬರಕೂಡದು. ಮುಂಗಡ ಹಣ ಕೊಡುವ ಮೊದಲು ಬೋಟಿನ ನೋಂದಣಿ ಪತ್ರ, ಕ್ರೀಡಾ ಮೀನುಗಾರಿಕೆಯ ಅನುಮತಿ, ನಾಲ್ವರಿಗೂ ಸಿಬ್ಬಂದಿಗೂ ಸಾಕಾಗುವಷ್ಟು ಲೈಫ್ ಜಾಕೆಟ್, ವಿಎಚ್‌ಎಫ್ ರೇಡಿಯೊ, ಎರಡನೆಯ ಎಂಜಿನ್ ಇವುಗಳ ಫೋಟೋ ಕೇಳಿ ತರಿಸಿಕೊಳ್ಳಿ. ಹವಾಮಾನ ಕೆಟ್ಟು ಹೊರಡಲಾಗದ ದಿನದ ಹಣ ಮರಳುತ್ತದೆಯೇ ಎಂಬುದನ್ನೂ ಅದೇ ಪತ್ರದಲ್ಲಿ ಬರೆಸಿಕೊಳ್ಳಿ.